ಮಿಕ್ಸಿಯೊಳಗಿನ ಭತ್ತ

"ಮನೆಯಲ್ಲಿ ಇಲಿ ಇದೆಯಾ ಸಾರ್?" ಎಂದು ಕೇಳಿದ ಮಿಕ್ಸಿ ರಿಪೇರಿಯವನು. ಮೋಟಾರಿನ ಸಂದಿಯಿಂದ ಎರಡು ಭತ್ತದ ಕಾಳು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಇಲಿ ಅಲ್ಲಪ್ಪ, ಹಬ್ಬ ಅಂದೆ. ಅವನು ನನ್ನ ಮುಖ ನೋಡಿ, 350 ರೂಪಾಯಿ ತಗೊಂಡು ಸುಮ್ಮನಾದ.

ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹೊಸ್ತು ಅಂದರೆ ಹೊಸ ಅಕ್ಕಿ ಉಣ್ಣುವ ಹಬ್ಬ. ಆ ದಿನ ಕದಿರು, ಅಂದರೆ ಭತ್ತದ ತೆನೆ, ಕಟ್ಟಲು ಕೂತರೆ ಕೈ ನಿಲ್ಲುವುದಿಲ್ಲ. ಮಾವು, ಹಲಸು, ಬಿದಿರಿನ ಎಲೆಯ ಜೊತೆ ತೆನೆ ಇಟ್ಟು ನಾರು ಸುತ್ತಿದರೆ ಆಯಿತು. ಬಾಗಿಲು, ಕಂಬ, ತುಳಸಿ ಕಟ್ಟೆ, ಬಾವಿಯ ರಾಟೆ, ನೇಗಿಲು, ಒನಕೆ, ಅಕ್ಕಿ ಮುಡಿ, ತೆಂಗಿನ ಮರ. ಅಪ್ಪಯ್ಯ ಒಂದನ್ನೂ ಬಿಡುತ್ತಿರಲಿಲ್ಲ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ನನಗೆ ಬಾವಿ ಎಲ್ಲಿಂದ ಬರಬೇಕು? ಫ್ರಿಜ್ಜಿನ ಹಿಡಿಗೆ, ಗ್ಯಾಸ್ ಸಿಲಿಂಡರಿಗೆ, ಸ್ಕೂಟರಿನ ಕನ್ನಡಿಗೆ, ಮಿಕ್ಸಿಗೆ ಕಟ್ಟುತ್ತೇನೆ. ಹೋದ ವರ್ಷ ವೈಫೈ ಡಬ್ಬಕ್ಕೂ ಕಟ್ಟಿದೆ. ಸ್ಪೀಡೇನೂ ಜಾಸ್ತಿಯಾಗಲಿಲ್ಲ.

ತೆನೆಯನ್ನು ದುಡ್ಡು ಕೊಟ್ಟು ತರುತ್ತೇನೆ. ಹೇಳಿಕೊಳ್ಳಲು ನಾಚಿಕೆ. ಎಂಒ4 ತಳಿಯ ಕೆಂಪಕ್ಕಿ ಬೆಳೆಯುತ್ತಿದ್ದ ನಮ್ಮ ಗದ್ದೆ ಈಗ ಅಡಿಕೆ ತೋಟ. ನಾಟಿಗೆ ಜನ ಸಿಗುವುದಿಲ್ಲ, ತೋಟ ಮಾಡಿಬಿಡಿ ಎಂದು ಹೇಳಿದವನು ನಾನೇ. ಈಗ ಯಾರಾದರೂ ಕದಿರಿನ ಫೋಟೊ ಹಾಕಿ ಕೆಳಗೆ 'ನಮ್ಮ ಮಣ್ಣು, ನಮ್ಮ ಬೇರು' ಎಂದು ಬರೆದರೆ ಮೈ ಉರಿಯುತ್ತದೆ. ಗದ್ದೆಯ ಕೆಸರಿಗೆ ಕಾಲಿಡದವರಿಗೇ ಬೇರು ಜಾಸ್ತಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ದಿನ ಗೊತ್ತು ಮಾಡುವುದು ಬೇರೆ ರಗಳೆ. ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರು ಸೆಪ್ಟೆಂಬರ್ 8ಕ್ಕೆ ತಮ್ಮ ತೆನೆ ಹಬ್ಬವಾದ ಮೊಂತಿ ಫೆಸ್ತ್ ಮಾಡಿ, ಚರ್ಚಿನಿಂದ ತಂದ ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕಿ ಆರಾಮಾಗಿ ಉಣ್ಣುತ್ತಾರೆ. ನಮ್ಮಲ್ಲಿ ನವರಾತ್ರಿಯ ಯಾವ ದಿನ ಎಂಬುದಕ್ಕೇ ಹತ್ತು ಫೋನು.

ಇನ್ನು ಊಟ. ಹೊಸ ಅಕ್ಕಿ ಅಂದರೆ ಉಗುರಿನಲ್ಲಿ ಸುಲಿದ ನಾಲ್ಕು ಕಾಳು ಅಷ್ಟೇ, ಉಳಿದದ್ದೆಲ್ಲ ಹಳೇ ಅಕ್ಕಿ. ಆದರೂ ಬಾಯಿಗೆ ಹಾಕುವ ಮುಂಚೆ ಪ್ರತಿಯೊಬ್ಬರೂ ತಮಗಿಂತ ಹಿರಿಯರನ್ನೆಲ್ಲ ಕೇಳಬೇಕು. "ಹೊಸ್ತ್ ಉಂತೆ", ಅಂದರೆ ಹೊಸ್ತು ಉಣ್ಣುತ್ತೇನೆ ಅಂತ. ಅವರು "ಉಣ್ಣ್" ಅನ್ನಬೇಕು. ಇಪ್ಪತ್ತು ಜನರ ಪಂಕ್ತಿಯಲ್ಲಿ ಇದು ಎಷ್ಟು ಹೊತ್ತು ಹಿಡಿಯುತ್ತದೆ, ಲೆಕ್ಕ ಹಾಕಿ.

ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಇಬ್ಬರು ಅಮ್ಮಮ್ಮಂದಿರೂ ಒಂದೇ ಪಂಕ್ತಿಯಲ್ಲಿ ಕೂತರು. ಅಪ್ಪಯ್ಯನ ಅಮ್ಮ, ಅಮ್ಮನ ಅಮ್ಮ. ಅಮ್ಮನ ಅಮ್ಮ ಮೊದಲು "ಹೊಸ್ತ್ ಉಂತೆ" ಅಂದರು. ಅಂದರೆ ನೀವು ನನಗಿಂತ ದೊಡ್ಡವರು ಅಂತ! ಅಪ್ಪಯ್ಯನ ಅಮ್ಮ ಬಿಡುತ್ತಾರಾ? "ಉಣ್ಣ್" ಅನ್ನುವ ಬದಲು ಇವರೂ "ನಾನೂ ಹೊಸ್ತ್ ಉಂತೆ" ಅಂದರು. ಇಬ್ಬರೂ ಕೇಳಿದರು, ಇಬ್ಬರೂ ಕೊಡಲಿಲ್ಲ. ಒಬ್ಬರು ಹುಟ್ಟಿದ್ದು ದೊಡ್ಡ ನೆರೆ ಬಂದ ವರ್ಷವಂತೆ. ಇನ್ನೊಬ್ಬರು ನೆರೆಯ ಮಾರನೇ ವರ್ಷವಂತೆ. ಯಾವ ನೆರೆ ಎಂದು ಯಾರೂ ಕೇಳಲಿಲ್ಲ. ನಮ್ಮೂರಲ್ಲಿ ನೆರೆ ವರ್ಷ ವರ್ಷವೂ ಬರುತ್ತದೆ. ಇತ್ತ ಪಾಯಸದ ಮೇಲೆ ಕೆನೆ ಕಟ್ಟುತ್ತಿತ್ತು. ಕೊನೆಗೆ ಅಮ್ಮನ ಅಮ್ಮ ರೇಗಿ ಅಜ್ಜಯ್ಯನ ಕಡೆ ತಿರುಗಿ ಜೋರಾಗಿ "ಉಂತೆ!" ಅಂದರು. ಅಜ್ಜಯ್ಯನಿಗೆ ಕಿವಿ ಮಂದ. ಅವರಿಗೆ "ಹ್ವಾತೆ", ಅಂದರೆ ಹೋಗುತ್ತೇನೆ, ಎಂದು ಕೇಳಿಸಿತು. ಗಾಬರಿಯಾಗಿ, "ಈಗ್ಲೇ ಹೊರಟ್ರ್ಯಾ? ಉಂಡ್ಕಂಡ್ ಹೋಯ್ನಿ" ಅಂದರು.

ಅಪ್ಪಣೆ ಸಿಕ್ಕಿತಲ್ಲ! ಎಲ್ಲರೂ ಕೈ ಹಾಕಿದರು. ಇಬ್ಬರಲ್ಲಿ ಯಾರು ದೊಡ್ಡವರೆಂದು ಇವತ್ತಿಗೂ ಗೊತ್ತಿಲ್ಲ.

ಮಿಕ್ಸಿಯ ವಿಷಯಕ್ಕೆ ಬರುತ್ತೇನೆ. ಈ ಸಲ ಅದಕ್ಕೆ ಕದಿರು ಬೇಡ ಅಂದೆ. ಹೆಂಡತಿ ತೆಂಗಿನಕಾಯಿ ತುರಿಯುತ್ತಾ, "ಹೋದ ಸಲ ಕಟ್ಟದೆ ಬಿಟ್ಟದ್ದು ವಾಷಿಂಗ್ ಮಶೀನ್ ಒಂದೇ. ಅದು ಎಷ್ಟು ಸಲ ಕೆಟ್ಟಿತು ಹೇಳಿ" ಅಂದಳು.

ಮೂರು ಸಲ.