ಡಿಸೆಂಬರಿನ ಕಾಯಿಲೆಗಳು

ಯುಗಾದಿಯ ದಿನ ಬೇವು-ಬೆಲ್ಲ ತಿಂದ ಮೇಲೆ ನಮ್ಮ ಮನೆಯಲ್ಲಿ ಅಜ್ಜ ಪಂಚಾಂಗ ತೆರೆಯುತ್ತಿದ್ದರು. ರಾಶಿಗೊಂದು ಸಾಲು ಅಂಕಿಗಳು: ಆಯ ಇಷ್ಟು, ವ್ಯಯ ಇಷ್ಟು, ಆರೋಗ್ಯ ಇಷ್ಟು, ಅನಾರೋಗ್ಯ ಇಷ್ಟು, ರಾಜಪೂಜೆ ಇಷ್ಟು, ರಾಜಕೋಪ ಇಷ್ಟು. ನನ್ನ ರಾಶಿಗೆ ರಾಜಪೂಜೆ ಎರಡನ್ನು ದಾಟಿದ ನೆನಪಿಲ್ಲ. ಅಮೆರಿಕದ ನ್ಯೂಜೆರ್ಸಿಗೆ ಬಂದಾಗ ಈ ಕೋಷ್ಟಕದಿಂದ ಪಾರಾದೆ ಎಂದುಕೊಂಡೆ. ಪಾರಾಗಲಿಲ್ಲ. ಪ್ರತಿ ನವೆಂಬರಿನಲ್ಲಿ ಕಚೇರಿಯಿಂದ ಒಂದು ಫಾರಂ ಬರುತ್ತದೆ. ಮುಂದಿನ ವರ್ಷ ಎಷ್ಟು ಡಾಲರಿನಷ್ಟು ಅನಾರೋಗ್ಯ ಎಂದು ಈಗಲೇ ಬರೆದು ಕೊಡಬೇಕು. ಅಲ್ಲಿ ಜೋಯಿಸರು ತಪ್ಪಿದರೆ ಜೋಯಿಸರನ್ನು ಬೈಯಬಹುದಿತ್ತು. ಇಲ್ಲಿ ಜೋಯಿಸರೂ ನಾವೇ.

ಇದರ ಹೆಸರು ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್, ಬಾಯಿಮಾತಿನಲ್ಲಿ ಎಫ್‌ಎಸ್‌ಎ. ಬಾಗುವ ಖಾತೆ ಎಂದೇನೋ ಅರ್ಥ, ಬಾಗುವವರು ಯಾರೆಂದು ಹೆಸರಿಟ್ಟವರು ಹೇಳಿಲ್ಲ. ನಾವು ಬರೆದುಕೊಟ್ಟ ಮೊತ್ತವನ್ನು ವರ್ಷವಿಡೀ ಸಂಬಳದಲ್ಲಿ, ತೆರಿಗೆ ಹಾಕುವ ಮೊದಲೇ, ಕಂತುಕಂತಾಗಿ ಮುರಿದುಕೊಳ್ಳುತ್ತಾರೆ. ಇದರಿಂದ ಉಳಿತಾಯವಾಗುವುದು ಫೆಡರಲ್, ಅಂದರೆ ಕೇಂದ್ರ ಸರಕಾರದ, ತೆರಿಗೆ ಮಾತ್ರ. ನ್ಯೂಜೆರ್ಸಿ ರಾಜ್ಯ ಆ ಹಣದಲ್ಲೂ ತನ್ನ ಪಾಲು ಬಿಡುವುದಿಲ್ಲ, ಅದು ಬೇರೆಯೇ ದುಃಖ. 2025ರಲ್ಲಿ ಒಬ್ಬ ನೌಕರನಿಗೆ 3,300 ಡಾಲರ್ ಮಿತಿ ಇತ್ತು. ವೈದ್ಯರ ಫೀಸು, ಕನ್ನಡಕ, ಔಷಧಿ ಎಲ್ಲಕ್ಕೂ ಬಳಸಬಹುದು. ಜನವರಿ 1ರಂದೇ ಇಡೀ ವರ್ಷದ ಮೊತ್ತ ಖರ್ಚಿಗೆ ಸಿಗುತ್ತದೆ ಎಂಬ ಔದಾರ್ಯವೂ ಇದೆ. ಆದರೆ ವರ್ಷದೊಳಗೆ ಖರ್ಚಾಗದೆ ಉಳಿದದ್ದು ನಮ್ಮದಲ್ಲ. ಕೆಲವು ಕಂಪನಿಗಳು ಒಂದಷ್ಟನ್ನು ಮುಂದಿನ ವರ್ಷಕ್ಕೆ ದಾಟಿಸಲು ಬಿಡುತ್ತವೆ, ಕೆಲವು ಮಾರ್ಚ್ 15ರವರೆಗೆ ವಾಯಿದೆ ಕೊಡುತ್ತವೆ. ನಮ್ಮಲ್ಲಿ ಎರಡೂ ಇಲ್ಲ. ಉಳಿದ ಹಣ ಕಂಪನಿಗೆ.

ಅಜ್ಜಿಯ ಸಾಸಿವೆ ಡಬ್ಬಿಯ ದುಡ್ಡಿಗೆ ಇಂಥ ಗಡುವು ಇರಲಿಲ್ಲ. ಒಗ್ಗರಣೆಯ ವಾಸನೆ ಹತ್ತಿದ ಆ ನೋಟುಗಳು ಎಷ್ಟು ವರ್ಷ ಕಳೆದರೂ ಅಜ್ಜಿಯವೇ ಆಗಿರುತ್ತಿದ್ದವು.

ಹೋದ ವರ್ಷ ನನ್ನ ದವಡೆ ಹಲ್ಲೊಂದಕ್ಕೆ ಕ್ಯಾಪ್ ಹಾಕಬೇಕಾದೀತು ಎಂದು ದಂತವೈದ್ಯರು ಹೇಳಿದ್ದರು. ಆ ಮಾತನ್ನು ನಂಬಿ 900 ಡಾಲರ್ ಬರೆದುಕೊಟ್ಟೆ. ವರ್ಷದ ಕೊನೆ ಹತ್ತಿರವಾದಂತೆ ಅವರೇ ‘ಸದ್ಯಕ್ಕೆ ಬೇಡ, ಹಲ್ಲು ಗಟ್ಟಿಯಾಗಿದೆ’ ಎಂದರು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರೇನೋ. ನನಗೆ ಹಲ್ಲಿನ ಮೇಲೆ ಸಿಟ್ಟು ಬಂತು. ಡಿಸೆಂಬರ್ 28ಕ್ಕೆ ನೋಡಿದರೆ ಖಾತೆಯಲ್ಲಿ ಇನ್ನೂ 214 ಡಾಲರ್. ಮನೆಯಲ್ಲಿ ಯಾರಿಗಾದರೂ ನೆಗಡಿಯೇ, ಕೆಮ್ಮೇ ಎಂದು ವಿಚಾರಿಸಿದೆ. ಹೆಂಡತಿ ನನ್ನ ಮುಖ ನೋಡಿದಳು, ಅಷ್ಟೇ. ಎಲ್ಲರೂ ನಾಚಿಕೆಯಿಲ್ಲದಷ್ಟು ಆರೋಗ್ಯವಾಗಿದ್ದರು.

ಆಗ ಉಳಿಯುವ ದಾರಿ ಒಂದೇ, ಔಷಧದ ಅಂಗಡಿ. ಚೀಟಿಯಿಲ್ಲದೆ ಸಿಗುವ ಮಾತ್ರೆ, ಮುಲಾಮುಗಳ ಕಥೆಯೂ ಪಂಚಾಂಗದಷ್ಟೇ ತಿರುವುಮುರುವಾದದ್ದು. 2003ರಿಂದ ಅವನ್ನು ಈ ಹಣದಲ್ಲಿ ಕೊಳ್ಳಬಹುದಿತ್ತು. 2011ರ ಜನವರಿಯಿಂದ ವೈದ್ಯರ ಚೀಟಿ ಬೇಕೆಂದರು. ಚೀಟಿ ಬೇಡದ ಔಷಧಿಗೆ ಚೀಟಿ ಬರೆಸಲು ವೈದ್ಯರಿಗೆ ಫೀಸು ಕೊಡಬೇಕಾದ ಕಾಲ ಅದು. ಕೊರೊನಾ ಬಂದ 2020ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿಯ ಸಂಸತ್ತು, ಆ ಚೀಟಿಯನ್ನು ತೆಗೆದುಹಾಕಿತು, ಜೊತೆಗೆ ಮುಟ್ಟಿನ ಪ್ಯಾಡುಗಳನ್ನೂ ಪಟ್ಟಿಗೆ ಸೇರಿಸಿತು. ಅದಕ್ಕೆ ಅಲ್ಲಿಯವರೆಗೆ ಏಕೆ ಕಾಯಬೇಕಿತ್ತು ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಮೈಸೂರಿನಿಂದ ಬಂದಿದ್ದ ಅಮ್ಮನೂ ಅಂಗಡಿಗೆ ಬಂದಳು. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ತಲೆನೋವೆಂದರೆ ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ, ಕಾಗದದ ಪುಟ್ಟ ಕವರಿಗೆ ಹಾಕಿ, ‘ಊಟ ಆದ ಮೇಲೆ ತೆಗೆದುಕೊಳ್ಳಿ ಅಮ್ಮ’ ಎಂದು ಕೊಡುತ್ತಾರೆ. ಇಲ್ಲಿ 500 ಮಾತ್ರೆಗಳ ಡಬ್ಬಿ. ಅಮ್ಮ ಅದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ‘ಇಷ್ಟು ನೋವು ಯಾರಿಗಿದೆಯೋ?’ ಎಂದಳು. ಪ್ಯಾರಾಸಿಟಮಾಲ್ ಎಲ್ಲಿ ಎಂದು ಹುಡುಕಿ ಸೋತಳು. ಅದೇ ಔಷಧಿ ಇಲ್ಲಿ ಅಸಿಟಮಿನೋಫೆನ್ ಎಂಬ ಹೆಸರಿನಲ್ಲಿ ಅವಳ ಮುಂದೆಯೇ ಕುಳಿತಿತ್ತು.

ಬುಟ್ಟಿ ತುಂಬಿಸಿದೆವು: ಗಾಯದ ಪಟ್ಟಿ, ಥರ್ಮಾಮೀಟರ್, ಎದೆಗೆ ಹಚ್ಚುವ ಮುಲಾಮು, ಓದುವ ಕನ್ನಡಕ ಎರಡು, ಹೊರಗೆ ಹಿಮ ಬೀಳುತ್ತಿರುವಾಗ ನಾಲ್ಕು ಟ್ಯೂಬ್ ಸನ್‌ಸ್ಕ್ರೀನ್. ಕೌಂಟರಿನ ಯಂತ್ರ ಒಂದೊಂದನ್ನೂ ನೋಡಿ ನ್ಯಾಯ ಹೇಳಿತು. ಸನ್‌ಸ್ಕ್ರೀನ್ ಔಷಧ, ಹೌದು. ಮುಖಕ್ಕೆ ಹಚ್ಚುವ ಕ್ರೀಮು ಶೋಕಿ, ಕೈಯಿಂದ ಕೊಡಿ. ಟೂತ್‌ಪೇಸ್ಟ್ ಅಲ್ಲ. ಕಟ್ಟಿಸಿದ ಹಲ್ಲನ್ನು ಒಸಡಿಗೆ ಅಂಟಿಸುವ ಅಂಟು ಆಗಬಹುದು. ಅಂದರೆ ಹಲ್ಲು ಇರುವಾಗ ಉಜ್ಜುವ ಖರ್ಚು ನಮ್ಮದು, ಬಿದ್ದ ಮೇಲೆ ಸರಕಾರಕ್ಕೆ ಕನಿಕರ. ನನ್ನ ಗಟ್ಟಿ ಹಲ್ಲಿಗೆ ಇದನ್ನು ಯಾರು ತಿಳಿಸಿ ಹೇಳಬೇಕು?

ಕೊನೆಗೆ ಸೊಂಟಕ್ಕೆ ಶಾಖ ಕೊಡುವ ವಿದ್ಯುತ್ ಪ್ಯಾಡ್ ಒಂದನ್ನೂ ತೆಗೆದುಕೊಂಡೆ. ನಿಯಮದ ಪ್ರಕಾರ ಈ ಹಣ ನನಗೆ, ಹೆಂಡತಿಗೆ, ಮಕ್ಕಳಿಗೆ, ತೆರಿಗೆಯ ಲೆಕ್ಕದಲ್ಲಿ ನನ್ನ ಅವಲಂಬಿತರಾದವರಿಗೆ. ಪ್ರವಾಸಿ ವೀಸಾದ ಮೇಲೆ ಆರು ತಿಂಗಳಿಗೆ ಬಂದ ತಾಯಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪ್ಯಾಡ್ ಕೊಂಡದ್ದು ನನ್ನ ಸೊಂಟಕ್ಕೇ. ನನ್ನ ಸೊಂಟಕ್ಕೂ ನೋವಿರುವುದು ನಿಜ. ಕಂಪ್ಯೂಟರಿನ ಮುಂದೆ ಕುಳಿತು ಅನ್ನ ತಿನ್ನುವ ಯಾವ ಸೊಂಟಕ್ಕೆ ನೋವಿಲ್ಲ? ಆದರೆ ಅಂದು ರಾತ್ರಿ ಹತ್ತು ಗಂಟೆಗೆ ಅದು ಅಮ್ಮನ ಮೊಣಕಾಲಿನ ಮೇಲಿತ್ತು. ನಾನು ಅದನ್ನು ನೋಡಲಿಲ್ಲ ಎಂದು ಇಟ್ಟುಕೊಳ್ಳಿ. ರಾಜಕೋಪದ ಕಾಲಂ ಸುಮ್ಮನೆ ಏಕೆ ತುಂಬಿಸುವುದು?

‘ನಿನ್ನ ಸಂಬಳ, ನಿನ್ನ ದುಡ್ಡು. ಅದನ್ನು ಖರ್ಚು ಮಾಡಲು ಇಷ್ಟು ಓಡಾಟವೇ?’ ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. ತೆರಿಗೆ ಉಳಿಯುತ್ತದೆ ಎಂದು ವಿವರಿಸಿದೆ. ‘ಎಷ್ಟು?’ ಎಂದಳು. ಲೆಕ್ಕ ಹಾಕಿ ಹೇಳಿದೆ. ಸನ್‌ಸ್ಕ್ರೀನ್ ಟ್ಯೂಬುಗಳ ಕಡೆಗೊಮ್ಮೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು.

ಜನವರಿಯಲ್ಲಿ ಅಮ್ಮ ಹೊರಟಳು. ಪ್ಯಾಡನ್ನು ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ, ಜೋಪಾನವಾಗಿ ಇಟ್ಟಿದ್ದಳು. ತೂಕ ಹೆಚ್ಚಾಯಿತೆಂದು ಬಾದಾಮಿ ಪೊಟ್ಟಣ ತೆಗೆದಳು, ಅದನ್ನು ತೆಗೆಯಲಿಲ್ಲ. ಅದರ ಬಾಲದ ಚೀಟಿ ಓದಿದ್ದು ನಾನೇ: 120 ವೋಲ್ಟ್. ಮೈಸೂರಿನ 230ಕ್ಕೆ ಸಿಕ್ಕಿಸಿದರೆ ಮೊಣಕಾಲಲ್ಲ, ಮನೆಯೇ ಬೆಚ್ಚಗಾದೀತು. ಪ್ಯಾಡ್ ಇಲ್ಲೇ ಉಳಿಯಿತು, ಪಟ್ಟಿಯಲ್ಲಿ ಬರೆದ ಹಾಗೆ, ನನ್ನ ಸೊಂಟಕ್ಕೆ.

ಮೊನ್ನೆ ವಿಡಿಯೊ ಕರೆಯಲ್ಲಿ ಅಮ್ಮ ಅಡುಗೆಮನೆಯಲ್ಲಿದ್ದಳು. ಬಾಣಲೆಯಲ್ಲಿ ಕಲ್ಲುಪ್ಪು ಚಟಪಟ ಸಿಡಿಯುತ್ತಿತ್ತು. ಅದನ್ನು ಹಳೆಯ ಪಂಚೆಯ ತುಂಡಿಗೆ ಸುರಿದು, ಗಂಟು ಕಟ್ಟಿ, ಮೊಣಕಾಲಿಗೆ ಒತ್ತಿಕೊಂಡಳು.

‘ನಿನ್ನ ಪ್ಯಾಡ್ ಕೆಲಸ ಮಾಡುತ್ತಿದೆಯೇನೋ?’ ಎಂದು ಕೇಳಿದಳು.

ಸನ್‌ಸ್ಕ್ರೀನ್ ಹಿಂದೆ ಎಲ್ಲೋ ಇರಬೇಕು, ಹುಡುಕಿ ಹೇಳುತ್ತೇನೆ ಎಂದೆ.