ಅರ್ಧ ಪಿಕಳಾರಗಳು

ಹಕ್ಕಿಯನ್ನು ಎದುರಿಗೆ ನೋಡಿಕೊಂಡು ಚಿತ್ರ ಬರೆಯುವುದರಲ್ಲಿ ಒಂದು ತೊಂದರೆ ಇದೆ. ನೀವು ತನ್ನನ್ನು ಬರೀತಿದ್ದೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಾದರೆ ಇನ್ನೂ ತೊಂದರೆ, ಹಾರಿಯೇ ಹೋಗುತ್ತದೆ. ಡ್ರಾಯಿಂಗ್ ಪರೀಕ್ಷೆಯಲ್ಲಿ ಮೇಜಿನ ಮೇಲೆ ಇಡುತ್ತಿದ್ದ ಹೂಜಿ, ಬದನೆಕಾಯಿಗಳು ಎಷ್ಟು ಒಳ್ಳೆಯವು ಅಂತ ಆಗ ಅರ್ಥವಾಗುತ್ತದೆ. ಪಿಕಳಾರದ, ಅಂದರೆ ಬುಲ್‌ಬುಲ್ ಹಕ್ಕಿಯ, ಕೊಕ್ಕು ಮುಗಿಸಿ ಕಣ್ಣಿಗೆ ಬರುವಷ್ಟರಲ್ಲಿ ಅದು ಬೆನ್ನು ತಿರುಗಿಸಿರುತ್ತದೆ. ಸರಿ, ಬೆನ್ನೇ ಬರೆಯೋಣ ಅಂದರೆ ಸೀಬೆ ಕೊಂಬೆ ಖಾಲಿ.

ಹಾಗಾಗಿ ನನ್ನ ಸ್ಕೆಚ್ ಪುಸ್ತಕದ ತುಂಬಾ ಅರ್ಧ ಪಿಕಳಾರಗಳೇ. ಜುಟ್ಟು ಇದ್ದರೆ ಬಾಲ ಇಲ್ಲ. ಬಾಲದ ಬುಡದ ಕೆಂಪು ಇದ್ದರೆ ತಲೆ ಇಲ್ಲ.

ಇದಕ್ಕೆ ಹಕ್ಕಿ ಬರೆಯುವವರೆಲ್ಲ ಮಾಡುವ ಉಪಾಯ ಒಂದಿದೆ. ಒಂದೇ ಹಾಳೆಯಲ್ಲಿ ನಾಲ್ಕಾರು ಚಿತ್ರ ಒಟ್ಟಿಗೆ ಶುರು ಮಾಡುವುದು. ಹಕ್ಕಿ ಎಡಕ್ಕೆ ತಿರುಗಿತಾ, ಎಡಕ್ಕೆ ತಿರುಗಿದ ಚಿತ್ರದ ಮೇಲೆ ಪೆನ್ಸಿಲ್. ಬಗ್ಗಿತಾ, ಪೆನ್ಸಿಲ್ ಬಗ್ಗಿದ್ದರ ಮೇಲೆ ಹೋಗಬೇಕು. ಹಕ್ಕಿಗಳಿಗೆ ಭಂಗಿಗಳು ಜಾಸ್ತಿ ಇರುವುದಿಲ್ಲ. ಸ್ವಲ್ಪ ಹೊತ್ತು ಕಾದರೆ ಅದೇ ಭಂಗಿಗೆ ಮತ್ತೆ ಬರುತ್ತವೆ. ಆ ಹಕ್ಕಿ ಬರದಿದ್ದರೆ ಅದರ ಜೊತೆಯದು ಬರುತ್ತದೆ. ಇವತ್ತಿನ ಹಕ್ಕಿಯ ತಲೆಗೆ ನಾಳಿನ ಹಕ್ಕಿಯ ಬಾಲ ಸೇರಿ ಒಂದು ಪಿಕಳಾರ ಪೂರ್ತಿಯಾಗುತ್ತದೆ. ಅಂಥದ್ದೊಂದು ಪಿಕಳಾರ ನಮ್ಮ ಹಿತ್ತಲಿಗೆ ಯಾವತ್ತೂ ಬಂದೇ ಇಲ್ಲ. ಆದರೂ ನೋಡಿದವರು ‘ಅರೆ, ನಿಮ್ಮ ಸೀಬೆ ಮರದ ಹಕ್ಕಿ ಅಲ್ವಾ’ ಅನ್ನುತ್ತಾರೆ.

ತುಮಕೂರಿನಲ್ಲಿ ಚಳಿ ಇದೆ ಅಂದರೆ ಉತ್ತರದ ಕಡೆಯವರು ನಗುತ್ತಾರೆ. ಜನವರಿ ಬೆಳಗ್ಗೆ 15 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ನಮ್ಮ ಬೀದಿಯಲ್ಲಿ ಮಫ್ಲರ್ ಇಲ್ಲದ ಕಿವಿ ಕಾಣುವುದಿಲ್ಲ. ಹಕ್ಕಿಗಳೂ ಅಷ್ಟೇ. ಗರಿಗಳನ್ನು ಉಬ್ಬಿಸಿ, ನಡುವೆ ಗಾಳಿ ಹಿಡಿದಿಟ್ಟು, ಆ ಗಾಳಿಯನ್ನೇ ಸ್ವೆಟರ್ ಮಾಡಿಕೊಳ್ಳುತ್ತವೆ. ಆಗ ಪಿಕಳಾರದ ಕುತ್ತಿಗೆ ಮಾಯ. ಕೊಕ್ಕು ಅಂಟಿಸಿದ ರಾಗಿಮುದ್ದೆ ಥರ ಕೂತಿರುತ್ತದೆ. ಬರೆಯುವವರಿಗೆ ಇದಕ್ಕಿಂತ ಅನುಕೂಲ ಬೇಕಾ? ಒಂದು ಗುಂಡು, ಮೇಲೊಂದು ಜುಟ್ಟು. ಬಿಸಿಲೇರಿದ ಮೇಲೆ ಅದೇ ಹಕ್ಕಿ ಸಣ್ಣಗೆ, ಉದ್ದಕ್ಕೆ ಆಗಿಬಿಡುತ್ತದೆ. ಏಳು ಗಂಟೆಯ ಚಿತ್ರ, ಹತ್ತು ಗಂಟೆಯ ಚಿತ್ರ ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಜಾತಿ ಅನ್ನಬೇಕು.

ಚಳಿಗಾಲದಲ್ಲಿ ಬೆಳಕೂ ನಮ್ಮ ಕಡೆಗೇ ಇರುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುವುದರಿಂದ ಬಿಸಿಲು ತುಂಬಾ ಹೊತ್ತು ಓರೆಯಾಗಿ ಬೀಳುತ್ತದೆ. ಹಕ್ಕಿಯ ಒಂದು ಪಕ್ಕ ಬೆಳಕು, ಒಂದು ಪಕ್ಕ ನೆರಳು. ಏಪ್ರಿಲ್‌ನ ನೆತ್ತಿ ಬಿಸಿಲಲ್ಲಿ ಎಲ್ಲಾ ಹಕ್ಕಿಗಳೂ ಚಪ್ಪಟೆಯಾಗಿ ಕಾಣುತ್ತವೆ.

ಈ ಕಾಲದಲ್ಲಿ ಅತ್ಯುತ್ತಮ ಮಾಡೆಲ್ ಯಾವುದು ಅಂದರೆ ಕಣ್ಣು ಮುಚ್ಚಿ ಚಿಟ್ಟು ಕುಟುರದ ಹೆಸರು ಹೇಳುತ್ತೇನೆ. ಬೇಸಿಗೆಯಲ್ಲಿ ದಿನವಿಡೀ ಟುಕ್ ಟುಕ್ ಟುಕ್ ಅಂತ ತಾಮ್ರ ಬಡಿಯುವ ಸದ್ದು ಮಾಡುವ ಹಕ್ಕಿ ಇದೇ. ಎಲೆಯ ಮಧ್ಯೆ ಹುಡುಕಿ ಹುಡುಕಿ ಕತ್ತು ನೋವು ಬರುತ್ತದೆ, ಹಕ್ಕಿ ಮಾತ್ರ ಸಿಗುವುದಿಲ್ಲ. ಚಳಿಗಾಲದಲ್ಲಿ ಅದು ಹೆಚ್ಚು ಕಡಿಮೆ ಬಾಯಿ ಮುಚ್ಚಿಕೊಂಡಿರುತ್ತದೆ. ಬೆಳಗ್ಗೆ ಎತ್ತರದ ಬೋಳು ಕೊಂಬೆಯ ತುದಿಗೆ ಬಂದು ಸುಮ್ನೆ ಬಿಸಿಲು ಕಾಯಿಸಿಕೊಳ್ಳುತ್ತದೆ. ಅಲ್ಲಾಡುವುದಿಲ್ಲ. ಗುಬ್ಬಚ್ಚಿಗಿಂತ ಸ್ವಲ್ಪ ದಪ್ಪ, ಗಿಡ್ಡ ಬಾಲ, ಮೈಗೆ ದೊಡ್ಡದೆನಿಸುವ ತಲೆ. ಹಸಿರು ಮೈ, ಹಣೆಯ ಮೇಲೆ ಕುಂಕುಮ ಕೆಂಪು, ಕಣ್ಣಿನ ಸುತ್ತ ಹಳದಿ, ಕಾಲು ಕೆಂಪು. ಇಷ್ಟೆಲ್ಲ ಬಣ್ಣ ಬಳಿದುಕೊಂಡು ಇಷ್ಟು ಹೊತ್ತು ಕೂರುವ ಪ್ರಾಣಿ ಇನ್ನೊಂದಿಲ್ಲ. ಅದರ ಹಸಿರಿಗೆ ಅಂಗಡಿಯ ಹಸಿರು ಟ್ಯೂಬ್ ಮಾತ್ರ ಹಚ್ಚಬೇಡಿ, ಬಾಗಿಲಿಗೆ ಹೊಡೆದ ಪೇಂಟ್ ಆಗುತ್ತದೆ. ಹಳದಿ ಮೊದಲು, ಅದು ಹಸಿಯಿರುವಾಗಲೇ ನೀಲಿ ತಾಕಿಸಬೇಕು. ಇಬ್ಬನಿ ಬಿದ್ದ ಬೆಳಗ್ಗೆ ಹಾಳೆ ಬೇಗ ಒಣಗದಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ಒದ್ದೆ ಹಾಳೆಯ ಮೇಲೆ ಮಡಿವಾಳ ಹಕ್ಕಿಯ ಕಪ್ಪು ಹಾಕಿದರೆ ಕಪ್ಪೆಲ್ಲ ಹರಿದು ಬಿಳಿ ಪಟ್ಟೆಗೆ ನುಗ್ಗುತ್ತದೆ. ಬಿಳಿ ಅಂದರೆ ಇಲ್ಲಿ ಬಣ್ಣವಲ್ಲ, ಮುಟ್ಟದೆ ಬಿಟ್ಟ ಕಾಗದ. ಒಮ್ಮೆ ಹೋದರೆ ಹೋಯಿತು.

ಮಡಿವಾಳ ಬರುವುದು ನನ್ನಿಂದಲ್ಲ, ನಮ್ಮ ಅತ್ತೆಯಿಂದ. ಈ ತಿಂಗಳುಗಳಲ್ಲಿ ಅವರು ಹಿತ್ತಲಿನ ಬಿಸಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ. ಸೊಗಡಿನ ಅವರೆಯಲ್ಲಿ ಹುಳ ಇದ್ದೇ ಇರುತ್ತದಲ್ಲ, ಅದನ್ನು ಅಂಗಳಕ್ಕೆ ಎಸೆಯುತ್ತಾರೆ. ಮಡಿವಾಳ ಬಾಲ ಎತ್ತಿಕೊಂಡು ಓಡಿ ಬರುತ್ತದೆ. ಹಿಂದೆಯೇ ಗೊರವಂಕ. ನಾನು ಆತುರಾತುರವಾಗಿ ಗೀಚುವುದನ್ನು ನೋಡಿ ಅತ್ತೆಗೆ ಬೇಸರ.

“ಹಾರೋಗೋದನ್ನ ಬರೆಯೋಕೆ ಒದ್ದಾಡ್ತೀಯಲ್ಲಮ್ಮ, ಕೂತಿರೋಳು ನಾನಿಲ್ವಾ? ನನ್ನ ಬರಿ.”

ಬರೆದೆ. ಗೊರವಂಕಕ್ಕಿಂತ ಜಾಸ್ತಿ ಅಲ್ಲಾಡುತ್ತಾರೆ. ಮೂಗು ಉದ್ದವಾಯಿತು ಅಂತ ದೂರು ಬೇರೆ. ಹಕ್ಕಿಗಳು ಅದೊಂದನ್ನು ಮಾಡುವುದಿಲ್ಲ.

‘ಫೋನಲ್ಲಿ ಒಂದು ಫೋಟೋ ಹೊಡ್ಕೊಂಡು ಆರಾಮಾಗಿ ಬರೀಬಹುದಲ್ಲ’ ಅನ್ನುವವರು ಎಲ್ಲಾ ಬೀದಿಯಲ್ಲೂ ಇದ್ದಾರೆ. ಬರೀಬಹುದು. ಆದರೆ ಫೋಟೋದಲ್ಲಿ ಒಂದೊಂದು ಗರಿಯೂ ಕಾಣುತ್ತದೆ, ಬರೆಯುವವರು ಅದನ್ನೆಲ್ಲ ಎಣಿಸಲು ಕೂರುತ್ತಾರೆ. ಕಣ್ಣು ಹಾಗೆ ನೋಡುವುದಿಲ್ಲ. ಕಣ್ಣಿಗೆ ಮೊದಲು ಕಾಣುವುದು ಬೆನ್ನಿನ ಓರೆ. ಪಿಕಳಾರ ನೆಟ್ಟಗೆ, ಗೊರವಂಕ ಸ್ವಲ್ಪ ಬಾಗಿ. ಆ ಒಂದು ಗೆರೆ ಸರಿಯಾಗಿ ಬಿದ್ದರೆ ಕೊಕ್ಕು ಕೆಟ್ಟರೂ ಹಕ್ಕಿ ಗುರುತು ಸಿಗುತ್ತದೆ. ಕಾಲೂ ಹಾಗೆ. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಅದು ಮೊಣಕಾಲೇ ಅಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ, ಗರಿಯೊಳಗೆ. ಗೊರವಂಕ ಅಂಗಳದಲ್ಲಿ ನಡೆಯುವುದನ್ನು ಬರೆಯುತ್ತಾ ಹೋದರೆ ಇದು ಕೈಗೇ ಗೊತ್ತಾಗುತ್ತದೆ.

ಹಿಂದಿನ ದೊಡ್ಡವರು ಈ ಕಷ್ಟಕ್ಕೆ ಬೇರೆ ದಾರಿ ಹಿಡಿದಿದ್ದರು. ಅಮೆರಿಕದ ಆಡುಬಾನ್ ಹಕ್ಕಿಗೆ ಗುಂಡು ಹೊಡೆದು, ತಂತಿ ಚುಚ್ಚಿ, ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಬರೆಯುತ್ತಿದ್ದ. ಚಿತ್ರಗಳು ಅದ್ಭುತ, ಒಪ್ಪೋಣ. ನಮಗೆ ಆ ಧೈರ್ಯವೂ ಬೇಡ, ಆ ಪಾಪವೂ ಬೇಡ. ಅರ್ಧ ಪಿಕಳಾರವೇ ವಾಸಿ.

ಪಿಕಳಾರ ಅಂದರೆ ನೆನಪಾಯಿತು. ನಮ್ಮ ದೇವರಾಯನದುರ್ಗದ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ಜೆರ್ಡನ್ ಎಂಬಾತ 1845ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದನ್ನು ನೋಡಲು ಜನ ಕೈಯುದ್ದದ ಲೆನ್ಸ್ ಹೊತ್ತು ಬರುತ್ತಾರೆ. ಚಿತ್ರ ಬರೆಯಲು ಅದು ನನಗೆ ಒಗ್ಗಲಿಲ್ಲ. ಅಪರೂಪದ ಹಕ್ಕಿ ಕಂಡಾಗ ‘ಕಂಡಿತು, ಕಂಡಿತು’ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ, ನೋಡುವುದಕ್ಕೆ ಆಗುವುದಿಲ್ಲ. ಮನೆಯ ಹಕ್ಕಿ ಹಾಗಲ್ಲ, ಇವತ್ತು ತಪ್ಪಿದರೆ ನಾಳೆ ಇದ್ದೇ ಇದೆ.

ಇನ್ನೊಂದು ಅತಿಥಿಯ ವಿಷಯ ಹೇಳಬೇಕು. ಬ್ಲೈತ್ಸ್ ರೀಡ್ ವಾರ್ಬ್ಲರ್ ಅಂತ ಒಂದು ಪುಟ್ಟ ಕಂದು ಹಕ್ಕಿ. ಮಧ್ಯ ಏಷ್ಯಾ ಕಡೆಯಿಂದ ಅಷ್ಟು ದೂರ ಹಾರಿ ಬಂದು ನಮ್ಮ ದಾಸವಾಳದ ಬೇಲಿಯೊಳಗೆ ಚಳಿಗಾಲ ಕಳೆಯುತ್ತದೆ. ಒಳಗಿನಿಂದ ‘ಚಕ್, ಚಕ್’ ಅನ್ನುತ್ತದೆ, ಹೊರಗೆ ಬರುವುದಿಲ್ಲ. ಅದರ ಹೆಸರು ಬರೆದ ಪುಟದಲ್ಲಿ ದಾಸವಾಳ ಮಾತ್ರ ಇದೆ. ದಾಸವಾಳ ಚೆನ್ನಾಗಿ ಬಂದಿದೆ.

ಈಗ ನುಗ್ಗೆ ಹೂವಿಗೆ ನೇರಳೆ ಸೂರಕ್ಕಿ ಬರುತ್ತಿದೆ. ಗಂಡು ಹಕ್ಕಿ ಮರಿ ಮಾಡುವ ಕಾಲದಲ್ಲಿ ಮಿರಮಿರ ಮಿಂಚುವ ಕಡುನೀಲಿ. ಅದು ಮುಗಿದ ಮೇಲೆ ಆ ಗರಿ ಉದುರಿಸಿ, ಹೆಣ್ಣಿನ ಹಾಗೆ ಮಾಸಲು ಹಳದಿ ಆಗುತ್ತದೆ. ಗುರುತಿಗೆ ಕತ್ತಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ. ಚಳಿ ಇಳಿಯುತ್ತಾ ಬಂದ ಹಾಗೆ ನೀಲಿ ಮತ್ತೆ ತೇಪೆ ತೇಪೆಯಾಗಿ ಹುಟ್ಟುತ್ತದೆ. ಹೋದ ವಾರ ಅರ್ಧ ಬರೆದ ಸೂರಕ್ಕಿಗೆ ಈ ವಾರದ ಸೂರಕ್ಕಿಯ ರೆಕ್ಕೆ ಸೇರಿಸೋಣ ಅಂದರೆ ಬಣ್ಣವೇ ಕೂಡುವುದಿಲ್ಲ. ಪಿಕಳಾರದಲ್ಲಿ ನಡೆಯುತ್ತಿದ್ದ ನನ್ನ ಉಪಾಯ ಇಲ್ಲಿ ಪೂರ್ತಿ ಕೆಟ್ಟಿತು. ಇದನ್ನು ಒಂದೇ ಕೂರಿಕೆಯಲ್ಲಿ ಮುಗಿಸಬೇಕು, ಅದು ಒಂದು ಹೂವಿನ ಮೇಲೆ ನಿಲ್ಲುವುದು ಮೂರು ಉಸಿರು. ಸಾಲದ್ದಕ್ಕೆ ಅಲ್ಟ್ರಾಮರೀನ್ ನೀಲಿಯ ಟ್ಯೂಬ್ ಹಿಂಡಿ ಹಿಂಡಿ ಖಾಲಿಯಾಗಿದೆ. ಸಾಯಂಕಾಲ ಎಂ.ಜಿ. ರಸ್ತೆ ಕಡೆ ಹೋದಾಗ ತರಬೇಕು, ಅತ್ತೆ ಎರಡು ಕೆಜಿ ಅವರೆಕಾಯಿಯನ್ನೂ ಹೇಳಿದ್ದಾರೆ.