ಧ್ರುವದ ಗಾಳಿ ಅಳೆಯಲು ಹೊರಟವರಿಗೆ ಒರೆಸುವ ಬಟ್ಟೆಗೂ ಬಜೆಟ್ ಬೇಕು

ಮೊದಲು ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಮಂಜುಗಡ್ಡೆಗೆ ವರ್ಷವಿಡೀ ಬರೀ 1 ವ್ಯಾಟ್ ಶಾಖ ಹೆಚ್ಚಿಗೆ ಸಿಕ್ಕಿತು ಅಂದುಕೊಳ್ಳಿ. ವರ್ಷಕ್ಕೆ ಅದು ಸುಮಾರು 3.15 ಕೋಟಿ ಜೂಲ್ ಆಗುತ್ತದೆ. ಒಂದು ಘನ ಮೀಟರ್ ಗಡ್ಡೆ ಕರಗಿಸಲು ಸುಮಾರು 30 ಕೋಟಿ ಜೂಲ್ ಬೇಕು. ಭಾಗಿಸಿ ನೋಡಿ, 10 ಸೆಂಟಿಮೀಟರ್ ದಪ್ಪದ ಗಡ್ಡೆ ಹೋಯಿತು. 10 ವ್ಯಾಟ್ ಆದರೆ ಒಂದು ಮೀಟರ್. ಆರ್ಕ್ಟಿಕ್ ಸಾಗರದಲ್ಲಿ ಒಂದು ಚಳಿಗಾಲದಲ್ಲಿ ಹೊಸದಾಗಿ ಕಟ್ಟುವ ಗಡ್ಡೆಯೇ ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್.

ಹಾಗಾಗಿ ತೇಲುವ ಮಂಜುಗಡ್ಡೆಯ ಮೇಲಿನ ವಾತಾವರಣವನ್ನು ಅಳೆಯುವವರಿಗೆ 10 ವ್ಯಾಟ್ ತಪ್ಪು ಅಂದರೆ ಸಣ್ಣ ತಪ್ಪಲ್ಲ. ಆದರೆ ಅಷ್ಟು ತಪ್ಪು ಬರಲು ಉಪಕರಣ ಕೆಡಲೇಬೇಕು ಅಂತಿಲ್ಲ. ಅದರ ಮೇಲೆ ಬೆರಳ ಉಗುರಿಗಿಂತ ತೆಳ್ಳಗೆ ಮಂಜಿನ ಹರಳು ಕೂತರೆ ಸಾಕು.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ: ಧ್ರುವ ಸಂಶೋಧನೆಯ ಸುದ್ದಿಯಲ್ಲಿ ಹಡಗು, ರಾಡಾರ್, ಡ್ರೋನ್, ಉಪಗ್ರಹ ಎಲ್ಲ ಬರುತ್ತವೆ. ಆ ಉಪಕರಣವನ್ನು ದಿನವೂ ಹೋಗಿ ಒರೆಸುವ, ಮಟ್ಟ ನೋಡುವ, ಕೇಬಲ್ ಎತ್ತಿ ಕಟ್ಟುವ ತಂತ್ರಜ್ಞರ ಹೆಸರು ಎಲ್ಲೂ ಬರುವುದಿಲ್ಲ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳಬಹುದಾದ ಜಾಗವೂ ಅದೇ. ಇದು ತಪ್ಪು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಚಳಿಗಾಲದ ಆರ್ಕ್ಟಿಕ್‌ನಲ್ಲಿ ಸೂರ್ಯ ಇಲ್ಲ. ಗಡ್ಡೆಯ ಮೇಲ್ಮೈಗೂ ಆಕಾಶಕ್ಕೂ ನಡೆಯುವ ಶಾಖದ ವ್ಯವಹಾರ ಬಹುಪಾಲು ಇನ್‌ಫ್ರಾರೆಡ್ ಕಿರಣಗಳಲ್ಲೇ. ಮೈನಸ್ 35 ಡಿಗ್ರಿಯ ಹಿಮ ಮೇಲಕ್ಕೆ ಚದರ ಮೀಟರಿಗೆ ಸುಮಾರು 182 ವ್ಯಾಟ್ ಬಿಡುತ್ತದೆ. ಆಕಾಶ ತಿಳಿಯಾಗಿದ್ದರೆ ವಾಪಸ್ ಬರುವುದು 140ರ ಆಸುಪಾಸು. ಅಂದರೆ ಸುಮಾರು 40 ವ್ಯಾಟ್ ನಷ್ಟ. ಮೋಡ ಕವಿದರೆ ಈ ನಷ್ಟ ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ, ಏಕೆಂದರೆ ಆ ಮೋಡದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಹೆಪ್ಪುಗಟ್ಟದೆ ಉಳಿದ ನೀರಿನ ಹನಿಗಳಿರುತ್ತವೆ, ಅವು ಕಂಬಳಿಯ ಹಾಗೆ ಕೆಲಸ ಮಾಡುತ್ತವೆ. ವಿಶೇಷ ಏನೆಂದರೆ, ಇವೆರಡರ ನಡುವಿನ ಸ್ಥಿತಿ ಅಪರೂಪ. 1997ರ ಅಕ್ಟೋಬರಿನಿಂದ 1998ರ ಅಕ್ಟೋಬರಿನವರೆಗೆ ಬ್ಯೂಫೋರ್ಟ್ ಸಮುದ್ರದ ಕಡೆ ಕೆನಡಾದ ಐಸ್‌ಬ್ರೇಕರ್ ಒಂದನ್ನು ಗಡ್ಡೆಗೆ ಕಟ್ಟಿ ನಡೆಸಿದ ಶೀಬಾ ಅಧ್ಯಯನದ ದತ್ತಾಂಶದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಒಂದೋ 40 ವ್ಯಾಟ್ ನಷ್ಟ, ಇಲ್ಲವೇ ಸೊನ್ನೆ. ಚಳಿಗಾಲದಲ್ಲಿ ಗಡ್ಡೆ ಎಷ್ಟು ಬೆಳೆಯುತ್ತದೆ ಎನ್ನುವುದರಲ್ಲಿ ಈ ಎರಡು ಸ್ಥಿತಿಗಳಲ್ಲಿ ಯಾವುದು ಎಷ್ಟು ದಿನ ಇತ್ತು ಎನ್ನುವುದಕ್ಕೆ ದೊಡ್ಡ ಪಾಲಿದೆ.

ಇದನ್ನು ಅಳೆಯುವ ಉಪಕರಣ ಪಿರ್ಜಿಯೋಮೀಟರ್. ಅಂಗೈಯಗಲದ ಲೋಹದ ಡಬ್ಬಿ, ಮೇಲೆ ಕಪ್ಪು ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ಕಿಟಕಿ, ಒಳಗೆ ಶಾಖದ ವ್ಯತ್ಯಾಸವನ್ನು ವಿದ್ಯುತ್ತಾಗಿಸುವ ಥರ್ಮೋಪೈಲ್. ಅದು ಕೊಡುವುದು ಕೆಲವು ನೂರು ಮೈಕ್ರೋವೋಲ್ಟ್. ಅದಕ್ಕೆ ಡಬ್ಬಿಯ ಉಷ್ಣತೆಯ ಲೆಕ್ಕ ಸೇರಿಸಿ ವ್ಯಾಟ್‌ಗೆ ತಿರುಗಿಸಬೇಕು. ತಿಳಿ ಆಕಾಶದ ರಾತ್ರಿ ಈ ಕಿಟಕಿ ನೇರ ಮೇಲಕ್ಕೆ ನೋಡುತ್ತಾ ತನ್ನ ಶಾಖ ಬಿಟ್ಟುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ನಮ್ಮಲ್ಲಿ ಮಾಗಿಯ ಬೆಳಗ್ಗೆ ಹೊರಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಇಬ್ಬನಿ ಕೂರುವುದೂ ಇದೇ ಕಾರಣಕ್ಕೆ. ಅಲ್ಲಿ ಇಬ್ಬನಿಯ ಬದಲು ಮಂಜಿನ ಹರಳು. ಒಮ್ಮೆ ಹರಳು ಮುಚ್ಚಿತು ಅಂದರೆ ಉಪಕರಣಕ್ಕೆ ಆಕಾಶ ಕಾಣುವುದಿಲ್ಲ, ಆ ಹರಳೇ ಕಾಣುತ್ತದೆ. ಮೈನಸ್ 35ರಲ್ಲಿರುವ ಹರಳು 180 ವ್ಯಾಟ್ ಚಿಲ್ಲರೆ ಬಿಡುತ್ತದೆ. 140 ಇರಬೇಕಾದ ಕಡೆ 180 ಅಂತ ಫೈಲಿನಲ್ಲಿ ದಾಖಲಾಯಿತು. ಅಂದರೆ ಅಪ್ಪಟ ತಿಳಿ ಆಕಾಶ ಕಾಗದದ ಮೇಲೆ ಮೋಡ ಕವಿದ ಆಕಾಶವಾಯಿತು!

ಇದು ಸರಾಸರಿಯಲ್ಲಿ ಕರಗಿಹೋಗುವ ತಪ್ಪಲ್ಲ, ಅದೇ ದೊಡ್ಡ ತೊಂದರೆ. ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಅಂತಿದ್ದರೆ ವರ್ಷದ ಲೆಕ್ಕದಲ್ಲಿ ಸರಿದೂಗುತ್ತಿತ್ತು. ಹರಳು ಕೂರುವುದು ಹೆಚ್ಚಾಗಿ ತಿಳಿ ಆಕಾಶ, ಕಡಿಮೆ ಗಾಳಿ ಇದ್ದಾಗಲೇ. ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ, ಅದೂ ನಮಗೆ ಅತಿ ಮುಖ್ಯವಾದ ಹೊತ್ತಿನಲ್ಲೇ. ಯಾವ ಸಾಫ್ಟ್‌ವೇರೂ ಆಮೇಲೆ ಕೂತು ಇದನ್ನು ಪೂರ್ತಿ ಸರಿಮಾಡಲಾರದು, ಯಾಕೆಂದರೆ ಆ ಹೊತ್ತಿನ ನಿಜವಾದ ಸಂಖ್ಯೆ ಎಲ್ಲೂ ದಾಖಲಾಗಿರುವುದೇ ಇಲ್ಲ.

ಫ್ಯಾನ್ ಹಾಕಿದರೆ ಆಗದೇ ಅಂತ ಕೇಳಬಹುದು. ಹಾಕುತ್ತಾರೆ. ಆದರೆ ಧ್ರುವದ ಚಳಿಗಾಲದ ಗಾಳಿಯಲ್ಲಿ ತೇವ ಹಲವು ಬಾರಿ ಮಂಜಿನ ಹರಳು ಕಟ್ಟಲು ಬೇಕಾದ ಮಟ್ಟವನ್ನೂ ದಾಟಿರುತ್ತದೆ. ಅಂಥ ಗಾಳಿಯನ್ನು ಕಾಯಿಸದೆ ಊದಿದರೆ ಹರಳಿಗೆ ಇನ್ನಷ್ಟು ತೇವ ಸಿಕ್ಕಂತಾಯಿತು. ಒಂದೆರಡು ಡಿಗ್ರಿ ಬಿಸಿ ಮಾಡಿ ಊದಬೇಕು. ಅತಿಯಾಗಿ ಬಿಸಿ ಮಾಡಿದರೆ ಕಿಟಕಿಗೂ ಡಬ್ಬಿಗೂ ಉಷ್ಣತೆಯಲ್ಲಿ ವ್ಯತ್ಯಾಸ ಬಂದು ಅಳತೆಯೇ ಓರೆಯಾಗುತ್ತದೆ. ಇದನ್ನೇ ಪರೀಕ್ಷಿಸಲು 2017–18ರಲ್ಲಿ ಅಲಾಸ್ಕಾದ ಉಟ್ಕಿಯಾಗ್ವಿಕ್‌ನಲ್ಲಿ ಬೇರೆ ಬೇರೆ ಬಗೆಯ ಫ್ಯಾನ್, ಹೀಟರುಗಳನ್ನು ಸಾಲಾಗಿ ಇಟ್ಟು ವರ್ಷದ ಮಟ್ಟಿಗೆ ಹೋಲಿಸಿ ನೋಡಿದರು. ಮಂಜು ಕೂರುವುದನ್ನು ತಡೆಯಲು ಹೆಚ್ಚು ಶಾಖ ಬೇಕಿಲ್ಲ, ಸರಿಯಾದ ಜಾಗಕ್ಕೆ ಸ್ವಲ್ಪ ಶಾಖ ಮತ್ತು ನಿಲ್ಲದ ಗಾಳಿ ಬೇಕು ಎನ್ನುವುದು ಅಲ್ಲಿ ಗಟ್ಟಿಯಾಯಿತು. ಇಷ್ಟಾದರೂ ಫ್ಯಾನಿನ ಬೇರಿಂಗ್ ಚಳಿಗೆ ಬಿಗಿಯುತ್ತದೆ, ಹಾರುವ ಹಿಮದ ಪುಡಿ ಒಳಗೆ ಹೋಗಿ ದಾರಿ ಕಟ್ಟುತ್ತದೆ. ಯಾರಾದರೂ ಹೋಗಿ ನೋಡಲೇಬೇಕು.

ಒರೆಸುವ ಕೆಲಸಕ್ಕೂ ಕ್ರಮ ಇದೆ. ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು, ಆ ಕೆಲವು ನಿಮಿಷಗಳ ದತ್ತಾಂಶವನ್ನು ಆಮೇಲೆ ಬೇರೆ ತೆಗೆದಿಡಬೇಕಾಗುತ್ತದೆ. ಮನುಷ್ಯನ ಮೈ ಆ ಚಳಿಯಲ್ಲಿ ಉಪಕರಣಕ್ಕೆ ಕೆಂಡದ ಹಾಗೆ ಕಾಣುತ್ತದೆ, ಹತ್ತಿರ ಬಗ್ಗಿದರೆ ಸಾಕು ಅಳತೆ ಮೇಲೇರುತ್ತದೆ. ಒರೆಸುವ ಮುಂಚೆ ಒಂದು ಫೋಟೋ, ಎಷ್ಟು ಮುಚ್ಚಿತ್ತು ಎಂದು ತಿಳಿಯಲು. ಒಣ ಮೆತ್ತನೆಯ ಬ್ರಷ್ಷಿನಿಂದ ಸಡಿಲ ಹಿಮ ತೆಗೆಯಬೇಕು. ಆಮೇಲೆ ನಾರು ಬಿಡದ ಬಟ್ಟೆಗೆ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಬೇಕು, ಕೆರೆಯಬಾರದು. ಬಾಯಿಂದ ಊದಲೇಬಾರದು. ಉಸಿರಿನ ತೇವ ತಕ್ಷಣ ಹೊಸ ಪದರವಾಗಿ ಕೂರುತ್ತದೆ. ಕೊನೆಗೆ ಮಟ್ಟದ ಗುಳ್ಳೆ ನೋಡಬೇಕು, ಕಾಲ ಕೆಳಗಿನ ಗಡ್ಡೆ ಅಲುಗಾಡುವಂಥದ್ದು, ಕಂಬ ನಿನ್ನೆ ನೆಟ್ಟಗಿದ್ದರೆ ಇವತ್ತು ಇರಬೇಕೆಂದಿಲ್ಲ. ಮತ್ತೆ ಫೋಟೋ, ಮತ್ತೆ ಸಮಯ. ಇದಿಷ್ಟನ್ನೂ ಕತ್ತಲಲ್ಲಿ, ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ, ದಪ್ಪ ಗ್ಲೌಸ್ ಹಾಕಿ ಮಾಡಬೇಕು. ಪಕ್ಕದಲ್ಲಿ ಹಿಮಕರಡಿ ಕಾಯಲು ಬಂದೂಕು ಹಿಡಿದ ಇನ್ನೊಬ್ಬರು ನಿಂತಿರುತ್ತಾರೆ. ಒಬ್ಬರ ಹತ್ತು ನಿಮಿಷದ ಕೆಲಸಕ್ಕೆ ಇಬ್ಬರ ಒಂದು ಗಂಟೆ ಹಿಡಿಯುತ್ತದೆ.

ಗಾಳಿಯ ಸುಳಿಗಳು ಹೊತ್ತೊಯ್ಯುವ ಶಾಖ ಅಳೆಯುವ ಸೋನಿಕ್ ಅನೆಮೋಮೀಟರಿನದೂ ಇದೇ ಪಾಡು. ಎದುರುಬದುರು ಇರುವ ಮೂರು ಜೊತೆ ತುದಿಗಳ ನಡುವೆ ಶಬ್ದದ ಅಲೆ ಓಡಿಸಿ, ತಲುಪುವ ಸಮಯದಿಂದ ಗಾಳಿಯ ವೇಗವನ್ನೂ ಉಷ್ಣತೆಯನ್ನೂ ಸೆಕೆಂಡಿಗೆ 10–20 ಬಾರಿ ಲೆಕ್ಕ ಹಾಕುವ ಸಾಧನ ಅದು. ತುದಿಗೆ ಮಂಜು ಕೂತರೆ ಅಳತೆ ಮೊದಲು ಮುಳ್ಳುಮುಳ್ಳಾಗಿ ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಹೀಟರ್ ಹಾಕಿದರೆ ಮಂಜು ಹೋಗುತ್ತದೆ, ಆದರೆ ಆ ಬಿಸಿ ಉಷ್ಣತೆಯ ಅಳತೆಗೆ ಸೇರಿಕೊಳ್ಳುತ್ತದೆ. ಹಾಗಾಗಿ ಬೇಕಾದಾಗ ಮಾತ್ರ ಹೀಟರ್ ಹಾಕಿ, ಅಷ್ಟು ಹೊತ್ತಿನದ್ದನ್ನು ಗುರುತು ಮಾಡಿಡಬೇಕು. ಇನ್ನೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ: ಗಡ್ಡೆ ಬರೀ ತೇಲುವುದಿಲ್ಲ, ತಿರುಗುತ್ತದೆ ಕೂಡ. ಕಂಬದ ಉತ್ತರ ದಿಕ್ಕು ವಾರಕ್ಕೊಂದು ಕಡೆ ಇರಬಹುದು. ಧ್ರುವದ ಹತ್ತಿರ ದಿಕ್ಸೂಚಿಯನ್ನು ನಂಬುವಂತಿಲ್ಲ. ಎರಡು ಜಿಪಿಎಸ್ ಆಂಟೆನಾ ದೂರದೂರ ಇಟ್ಟು ಅವುಗಳ ನಡುವಿನ ಗೆರೆಯಿಂದ ದಿಕ್ಕು ತೆಗೆಯಬೇಕು. ಇದಿಲ್ಲದಿದ್ದರೆ ಗಾಳಿಯ ದಿಕ್ಕಿನ ಅಂಕಿ ನಿರುಪಯೋಗಿ.

ವಿದ್ಯುತ್ತಿನ ಮಾತು ಬೇಗ ಮುಗಿಸುತ್ತೇನೆ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಮೈನಸ್ 40ರಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳು. ಮೆಥನಾಲ್ ಫ್ಯೂಯೆಲ್ ಸೆಲ್ ಒಳ್ಳೆಯದು, ಆದರೆ ಅದು ಹೊರಬಿಡುವ ನೀರಾವಿ ಪೈಪಿನ ಬಾಯಲ್ಲೇ ಗಟ್ಟಿಯಾಗಿ ಉಸಿರು ಕಟ್ಟಿಸುತ್ತದೆ. ಪಿವಿಸಿ ಕೇಬಲ್ ಆ ಚಳಿಯಲ್ಲಿ ಬಗ್ಗಿಸಿದರೆ ಕಡ್ಡಿಯ ಹಾಗೆ ಮುರಿಯುತ್ತದೆ. ನೆಲದ ಮೇಲೆ ಬಿಟ್ಟ ಕೇಬಲ್ ಹಿಮದಡಿ ಹೂತುಹೋಗುತ್ತದೆ, ಬಿರುಕು ಬಿಟ್ಟಾಗ ಎರಡಾಗುತ್ತದೆ. ಆದ್ದರಿಂದ ಕಂಬಗಳ ಮೇಲೆ ಸಡಿಲ ಬಿಟ್ಟು ಕಟ್ಟಬೇಕು.

ಇವೆಲ್ಲ ಒಟ್ಟಿಗೆ ಕಂಡದ್ದು ಮೊಸಾಯಿಕ್ ಯಾತ್ರೆಯಲ್ಲಿ. ಜರ್ಮನಿಯ ಆಲ್‌ಫ್ರೆಡ್ ವೇಗೆನರ್ ಸಂಸ್ಥೆಯ ಪೋಲಾರ್‌ಸ್ಟರ್ನ್ ಹಡಗು 2019ರ ಸೆಪ್ಟೆಂಬರ್ 20ರಂದು ನಾರ್ವೆಯ ಟ್ರೊಮ್ಸೊದಿಂದ ಹೊರಟು, ಅಕ್ಟೋಬರ್ ಮೊದಲ ವಾರ 85 ಡಿಗ್ರಿ ಉತ್ತರದ ಬಳಿ ಒಂದು ಗಡ್ಡೆಗೆ ಕಟ್ಟಿಕೊಂಡಿತು. ಇಪ್ಪತ್ತು ದೇಶಗಳ ನೂರಾರು ಜನ ಪಾಳಿಯ ಮೇಲೆ ಕೆಲಸ ಮಾಡಿದರು. ಕೇರಳ ಮೂಲದ ಸಂಶೋಧಕ ವಿಷ್ಣು ನಂದನ್ ಅಲ್ಲಿದ್ದ ಭಾರತೀಯ. ಹಡಗಿನ ಬಿಸಿ, ಹೊಗೆ ತಾಗಬಾರದೆಂದು ಕೆಲವು ನೂರು ಮೀಟರ್ ಆಚೆ ಮೆಟ್ ಸಿಟಿ ಎಂಬ ಹವಾಮಾನ ಠಾಣೆ ಕಟ್ಟಿದರು. ನವೆಂಬರ್ ಮಧ್ಯದ ಬಿರುಗಾಳಿಗೆ ಗಡ್ಡೆ ಸೀಳಿತು, ವಿದ್ಯುತ್ ತಂತಿ ಹೋಯಿತು, 30 ಮೀಟರ್ ಎತ್ತರದ ಕಂಬ ನೆಲಕ್ಕುರುಳಿತು. ಆಮೇಲೆ ಎಲ್ಲವನ್ನೂ ಜನರೇ ಮತ್ತೆ ಎತ್ತಿ ಕಟ್ಟಿದರು. ಆರ್ಕ್ಟಿಕ್ ನರಿಗಳು ಬಂದು ಕೇಬಲ್ ಕಡಿದದ್ದೂ ಉಂಟು.

ಅಲ್ಲಿ ಹೀಲಿಯಂ ಬಲೂನಿಗೆ ರೇಡಿಯೋಸೋಂಡ್ (ಮೇಲೇರುತ್ತಾ ಗಾಳಿಯ ಉಷ್ಣತೆ, ತೇವ ಅಳೆದು ರೇಡಿಯೋದಲ್ಲಿ ಕಳಿಸುವ ಪುಟ್ಟ ಸಾಧನ) ಕಟ್ಟಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಬಾರಿ, ವಿಶೇಷ ದಿನಗಳಲ್ಲಿ ಏಳು ಬಾರಿಯವರೆಗೂ ಹಾರಿಸುತ್ತಿದ್ದರು. ಸೆಕೆಂಡಿಗೆ 5 ಮೀಟರಿನಂತೆ ಏರಿ ಒಂದೂಮುಕ್ಕಾಲು ಗಂಟೆಯೊಳಗೆ 30 ಕಿ.ಮೀ. ಮುಟ್ಟುತ್ತದೆ. ಕೇಳಲು ಸರಳ. ಆದರೆ ಬೆಚ್ಚಗಿನ ಕೋಣೆಯಿಂದ ಸೋಂಡನ್ನು ನೇರ ತಂದು ಹಾರಿಸಿದರೆ ಮೊದಲ ಕೆಲವು ಹತ್ತು ಮೀಟರುಗಳ ಉಷ್ಣತೆ ಸುಳ್ಳು. ಹೊರಗೆ ಸ್ವಲ್ಪ ಹೊತ್ತು ಗಾಳಿಗೆ ಹಿಡಿದು ಹೊಂದಿಸಬೇಕು. ಹಡಗಿನ ಮೈಯ ಬಿಸಿ ಬೇರೆ ಇದೆ. ಧ್ರುವದ ಚಳಿಗಾಲದಲ್ಲಿ ನೆಲದ ಹತ್ತಿರವೇ ಅತಿ ತಣ್ಣಗಿನ ಗಾಳಿ, ಮೇಲೆ ಹೋದಂತೆ ಬೆಚ್ಚಗೆ. ನಮಗೆ ಬೇಕಾದ ಆ ತಿರುವು ಅಡಗಿರುವುದೇ ಈ ಕೆಳಗಿನ ನೂರು ಮೀಟರಿನಲ್ಲಿ. ಅದಕ್ಕೇ ಹಡಗಿನಿಂದ ದೂರ, ಹಗ್ಗ ಕಟ್ಟಿದ ಬಲೂನನ್ನು ಏರಿಸಿ ಇಳಿಸಿ ಅಳೆಯಬೇಕಾಯಿತು.

ಅಷ್ಟು ಕಷ್ಟಪಟ್ಟದ್ದಕ್ಕೆ ಏನು ಸಿಕ್ಕಿತು? 2020ರ ಏಪ್ರಿಲ್ ಮಧ್ಯದಲ್ಲಿ ದಕ್ಷಿಣದಿಂದ ನುಗ್ಗಿದ ತೇವಗಾಳಿ ಕೆಲವೇ ದಿನಗಳಲ್ಲಿ ಮೈನಸ್ 30ರ ಆಸುಪಾಸಿನಿಂದ ಹೆಚ್ಚುಕಡಿಮೆ ಸೊನ್ನೆಯವರೆಗೆ ಉಷ್ಣತೆಯನ್ನು ಎಳೆದು ತಂದದ್ದು ಸಾಲುಸಾಲಾಗಿ ದಾಖಲಾಯಿತು. ಅದೇ ವಸಂತದಲ್ಲಿ 18 ಕಿ.ಮೀ. ಎತ್ತರದ ಸುತ್ತ ಓಝೋನ್ ಬಹುತೇಕ ಖಾಲಿಯಾದದ್ದು ಕಂಡಿತು. ಹವಾಮಾನ ಮುನ್ಸೂಚನೆಯ ಲೋಕದಲ್ಲಿ ದಿನನಿತ್ಯ ಬಳಕೆಯಾಗುವ, ಅಳತೆಗಳನ್ನೂ ಕಂಪ್ಯೂಟರ್ ಮಾದರಿಯನ್ನೂ ಸೇರಿಸಿ ತಯಾರಿಸಿದ ಯುರೋಪಿನ ಇಆರ್‌ಎ5 ದತ್ತಾಂಶದಲ್ಲಿ ಕಡಲ ಗಡ್ಡೆಯ ಮೇಲೆ ಹಿಮದ ಪದರವೇ ಇಲ್ಲ, ಗಡ್ಡೆ ಎಲ್ಲೆಡೆ ಒಂದೂವರೆ ಮೀಟರ್ ಅಂತ ಇಟ್ಟುಕೊಂಡಿದ್ದಾರೆ. ಹೀಗಾಗಿ ತಿಳಿ ಆಕಾಶದ ಚಳಿಗಾಲದಲ್ಲಿ ಅದು ಮೇಲ್ಮೈಯನ್ನು ನಿಜಕ್ಕಿಂತ ಹಲವು ಡಿಗ್ರಿ ಬೆಚ್ಚಗೆ ತೋರಿಸುತ್ತದೆ. ಇದು ತಪ್ಪು ಅಂತ ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಗಡ್ಡೆಯ ಮೇಲೆ ನಿಂತು ಅಳೆದ ಅಂಕಿಗಳಿಂದ. ಆ ಅಂಕಿಗಳಲ್ಲೇ ಮಂಜಿನ ಹರಳಿನ 40 ವ್ಯಾಟ್ ಸೇರಿಕೊಂಡಿದ್ದರೆ ಎರಡೂ ತಪ್ಪುಗಳು ಒಂದೇ ದಿಕ್ಕಿಗಿದ್ದು, ಲೆಕ್ಕ ಸರಿಯಾಗಿದೆ ಅಂತಲೇ ನಂಬಿಬಿಡುತ್ತಿದ್ದೆವು.

ಈಗ ನಮ್ಮ ಮಾತು. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನೀ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಠಾಣೆ 2008ರಿಂದ ಇದೆ. 2023ರ ಡಿಸೆಂಬರಿನಿಂದ ಚಳಿಗಾಲದ ತಂಡಗಳೂ ಹೋಗುತ್ತಿವೆ, ಮೊದಲ ತಂಡದಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರಿದ್ದರು. ಇದು ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಅದು ನೆಲದ ಮೇಲಿನ ಠಾಣೆ, ತೇಲುವ ಗಡ್ಡೆಯ ಕೆಲಸಕ್ಕೆ ಹಡಗು ಬೇಕು. ಸ್ವಂತ ಧ್ರುವ ಸಂಶೋಧನಾ ಹಡಗು ಕಟ್ಟಲು 2025ರ ಜೂನ್‌ನಲ್ಲಿ ಕೋಲ್ಕತ್ತದ ಹಡಗು ನಿರ್ಮಾಣ ಕಂಪನಿ ಜಿಆರ್‌ಎಸ್‌ಇ ಮತ್ತು ನಾರ್ವೆಯ ಕೊಂಗ್ಸ್‌ಬರ್ಗ್ ನಡುವೆ ಒಪ್ಪಂದಕ್ಕೆ ಸಹಿ ಬಿದ್ದಿದೆ.

ಆ ಹಡಗಿನ ಯೋಜನೆ ಬರೆಯುವವರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಉಪಕರಣ ಕೊಳ್ಳುವ ಪಟ್ಟಿಯ ಜೊತೆಗೇ ಅದನ್ನು ದಿನವೂ ನೋಡಿಕೊಳ್ಳುವವರ ಹುದ್ದೆಗಳನ್ನೂ ಮಂಜೂರು ಮಾಡಿ. ಆರು ತಿಂಗಳ ಗುತ್ತಿಗೆ ಬೇಡ, ಕಾಯಂ ಕೆಲಸ ಕೊಡಿ, ಯಾಕೆಂದರೆ ಬೇರಿಂಗಿನ ಸದ್ದು ಕೇಳಿಯೇ ಫ್ಯಾನ್ ನಾಳೆ ನಿಲ್ಲುತ್ತದೆ ಅಂತ ಹೇಳುವ ಕಿವಿ ಒಂದು ಪ್ರವಾಸದಲ್ಲಿ ಬರುವುದಿಲ್ಲ. ಪ್ರತಿ ಉಪಕರಣವನ್ನೂ ಎರಡೆರಡು ಒಯ್ಯಿರಿ, ಒಂದು ಹೀಟರ್ ಇರುವುದು, ಒಂದು ಇಲ್ಲದ್ದು, ಪಕ್ಕಪಕ್ಕ. ಎರಡರ ಅಂತರವೇ ಮಂಜಿನ ಸುಳಿವು ಕೊಡುತ್ತದೆ. ಹಾಗೆಯೇ ದತ್ತಾಂಶದ ಫೈಲಿನಲ್ಲಿ ಉಷ್ಣತೆ, ಗಾಳಿ, ವಿಕಿರಣದ ಕಾಲಮ್ಮುಗಳ ಪಕ್ಕ ಇನ್ನೆರಡು ಕಾಲಮ್ ಇರಲಿ: ಕಿಟಕಿ ಒರೆಸಿದ್ದು ಎಷ್ಟು ಗಂಟೆಗೆ, ಒರೆಸಿದವರು ಯಾರು.